ಸೈಲೆನ್ಸರ್ ಮೇಲಿರಬೇಕಾ, ಕೆಳಗಿರಬೇಕಾ: ರೆಟ್ರೋ ಸ್ಕ್ರ್ಯಾಂಬ್ಲರ್ ಲುಕ್ಕಿನ ಜಗಳ

2024ರ ನವೆಂಬರಿನಲ್ಲಿ ರಾಯಲ್ ಎನ್‌ಫೀಲ್ಡ್ ಬೇರ್ 650 ಬಂತು. ಸ್ಕ್ರ್ಯಾಂಬ್ಲರ್, ಅಂದರೆ ಮಣ್ಣಿನ ದಾರಿಗೆ ಹೊಂದುವಂತೆ ಮಾರ್ಪಡಿಸಿದ ರಸ್ತೆ ಬೈಕಿನ ಹಳೇ ಕಾಲದ ರೂಪ ಅದರದು. ಬಣ್ಣಗಳನ್ನು ನೋಡಿ ಬೈಕ್ ಪ್ರಿಯರು ಕುಣಿದಾಡಿದರು. ಪಕ್ಕದಲ್ಲಿ ರೇಸ್ ನಂಬರ್ ಬೋರ್ಡು, ಉದ್ದಕ್ಕೆ ಚಪ್ಪಟೆ ಸೀಟು, ಕಡ್ಡಿ ಚಕ್ರ, ಗುಂಡು ಹೆಡ್‌ಲೈಟು, ಎಲ್ಲವೂ ಸರಿ. ಗಾಡಿಯ ಬಲಪಕ್ಕ ತೋರಿಸುವ ಫೋಟೊ ಕಣ್ಣಿಗೆ ಬಿದ್ದ ಮೇಲೆ ಮಾತ್ರ ಒಂದೇ ರಾಗ ಶುರುವಾಯಿತು: ಹೆಸರಿಗೆ ಸ್ಕ್ರ್ಯಾಂಬ್ಲರ್, ಸೈಲೆನ್ಸರ್ ಯಾಕೆ ಮಾಮೂಲಿ ಬೈಕಿನ ಹಾಗೆ ಕೆಳಗೆ ಹೋಗಿದೆ? 

ಬೈಕಿನ ಗೀಳು ಇಲ್ಲದವರಿಗೆ ಇದು ವಿಚಿತ್ರ ಅನ್ನಿಸಬಹುದು. ಒಂದು ಪೈಪು ಒಂದಡಿ ಮೇಲಿದ್ದರೇನು, ಕೆಳಗಿದ್ದರೇನು? ಆದರೆ ಈ ಪೈಪಿನ ಹಿಂದೆಯೇ ಹೋದರೆ, ಈಚೆಗೆ ಬಂದ ರೆಟ್ರೋ ಸ್ಕ್ರ್ಯಾಂಬ್ಲರ್‌ಗಳ ಅಂದದ ಬಗ್ಗೆ ಸವಾರರು ಇಷ್ಟೊಂದು ಕಿತ್ತಾಡುವುದು ಯಾಕೆ ಅನ್ನುವುದು ಬಿಚ್ಚಿಕೊಳ್ಳುತ್ತದೆ. ನನ್ನ ಪ್ರಕಾರ ಆ ಜಗಳದಲ್ಲಿ ಅಂದದ ಪಾಲು ಅರ್ಧಕ್ಕಿಂತ ಕಮ್ಮಿ. "ಈ ಗಾಡಿ ಸುಳ್ಳು ಹೇಳ್ತಿದೆಯಾ?" ಎನ್ನುವುದೇ ಅಲ್ಲಿ ನಿಜವಾದ ತಕರಾರು.

ಈ ಹೆಸರಿಗೆ ಮೂಲವಾದ ಸ್ಕ್ರ್ಯಾಂಬಲ್, ಅಂದರೆ ಮಣ್ಣು ಗುಡ್ಡಗಳ ಮೇಲಿನ ಬೈಕ್ ಪಂದ್ಯಗಳು ಇಂಗ್ಲೆಂಡಿನಲ್ಲಿ ಹುಟ್ಟಿದವು. 1924ರಲ್ಲಿ ಕ್ಯಾಂಬರ್ಲಿ ಹತ್ತಿರದ ಗುಡ್ಡಗಾಡಿನಲ್ಲಿ ನಡೆದ ಪಂದ್ಯವನ್ನು ಸಾಮಾನ್ಯವಾಗಿ ಮೊದಲನೆಯದು ಎನ್ನುತ್ತಾರೆ. ಇವತ್ತಿನ ಮೋಟೊಕ್ರಾಸ್‌ಗೆ ಅದೇ ಮೂಲ. ಆಗ ಮಣ್ಣಿಗೆಂದೇ ಮಾಡಿದ ಬೈಕುಗಳು ಇರಲಿಲ್ಲ. ರಸ್ತೆಯ ಗಾಡಿಯನ್ನೇ ಬಿಚ್ಚಿ, ಕೊಯ್ದು, ಎತ್ತರಿಸಿ ಓಡಿಸುತ್ತಿದ್ದರು. ಬಂಡೆಗೆ ಬಡಿಯದಿರಲಿ, ಹಳ್ಳದ ನೀರಿಗೆ ಸಿಗದಿರಲಿ ಎಂದು ಸೈಲೆನ್ಸರ್ ಮೇಲಕ್ಕೆ ಹೋಯಿತು. ಕೆಸರು ಮೆತ್ತಿಕೊಂಡು ಚಕ್ರ ನಿಂತುಬಿಡುತ್ತಿದ್ದ ಕಾರಣ ಮಡ್‌ಗಾರ್ಡ್ ಚಿಕ್ಕದಾಗಿ ಟೈರಿನಿಂದ ದೂರ ಸರಿಯಿತು. ಜಾರುವ ನೆಲದಲ್ಲಿ ಮುಂದಿನ ಚಕ್ರವನ್ನು ಹಿಡಿತಕ್ಕೆ ತರಲು ಹ್ಯಾಂಡಲ್ ಅಗಲವಾಯಿತು. ಏರಿನಲ್ಲಿ ಮುಂದಕ್ಕೆ, ಇಳಿಜಾರಿನಲ್ಲಿ ಹಿಂದಕ್ಕೆ ಜರುಗಲು ಅನುಕೂಲವಾಗುವಂತೆ ಸೀಟು ಚಪ್ಪಟೆಯಾಯಿತು. ಮುಂದಿನ ಚಕ್ರವನ್ನು ಹಿಡಿಯುವ ಫೋರ್ಕಿನ ಮೇಲಿನ ರಬ್ಬರ್ ಸುರುಳಿ ಬಂದದ್ದು ಮಣ್ಣು ಒಳಗೆ ಹೋಗಿ ಆಯಿಲ್ ಸೀಲ್ ಹಾಳಾಗದಿರಲಿ ಎಂದು. ಪಕ್ಕದ ತಟ್ಟೆಯಂಥ ಬೋರ್ಡು ನಂಬರ್ ಬರೆಯುವುದಕ್ಕೆ.

ಒಟ್ಟಿನಲ್ಲಿ ಈ ರೂಪವನ್ನು ಯಾವ ಡಿಸೈನರೂ ಕಾಗದದ ಮೇಲೆ ಬಿಡಿಸಲಿಲ್ಲ, ಕೆಸರು ಮತ್ತು ಕಲ್ಲು ಸೇರಿ ಕೆತ್ತಿದವು. ನೋಡಲು ಅಷ್ಟು ಚೆನ್ನಾಗಿ ಕಾಣುವುದಕ್ಕೂ ಅದೇ ಕಾರಣವಿರಬೇಕು, ಕೆಲಸವಿಲ್ಲದ ಒಂದು ಬೋಲ್ಟು ಕೂಡ ಅಲ್ಲಿ ಇರಲಿಲ್ಲ.

ಇಲ್ಲಿಂದ ಕಥೆ ಅಮೆರಿಕಕ್ಕೆ ಹೋಗುತ್ತದೆ. ಇವತ್ತಿನ ಶುದ್ಧವಾದಿಗಳು ಮರೆಯುವ ಭಾಗ ಇದೇ. 1962ರಲ್ಲಿ ಹೋಂಡಾ ಸಿಎಲ್72 ಬಂತು, 250 ಸಿಸಿ, ಎಡಪಕ್ಕದಲ್ಲಿ ಮೇಲೆ ಹಾದುಹೋಗುವ ಎರಡು ಪೈಪು. ಅದರ ತಾಕತ್ತು ತೋರಿಸಲು ಡೇವ್ ಎಕಿನ್ಸ್ ಮತ್ತು ಬಿಲ್ ರಾಬರ್ಟ್‌ಸನ್ ಜೂನಿಯರ್ ಎಂಬ ಸವಾರರು ಮೆಕ್ಸಿಕೋದ ಟಿಹುವಾನಾದಿಂದ ಲಾ ಪಾಜ್‌ವರೆಗೆ, ರಸ್ತೆಯೆಂದು ಕರೆಯಲಾಗದ ದಾರಿಯಲ್ಲಿ ಸುಮಾರು 40 ಗಂಟೆ ಗಾಡಿ ಓಡಿಸಿದರು. ಅದೇ 1962ರಲ್ಲಿ ಡುಕಾಟಿಯ ಮೊದಲ ಸ್ಕ್ರ್ಯಾಂಬ್ಲರ್ ಬಂತು. ಅಮೆರಿಕದಲ್ಲಿ ಡುಕಾಟಿ ತರಿಸಿ ಮಾರುತ್ತಿದ್ದ ಬರ್ಲಿನರ್ ಸೋದರರು ಕೇಳಿದ್ದಕ್ಕೆ ಇಟಲಿಯವರು ಮಾಡಿಕೊಟ್ಟ ಬೈಕು ಅದು. ಟ್ರಯಂಫ್‌ನವರು ಟಿಆರ್6ಸಿ ಕೊಟ್ಟರು. ಇವುಗಳನ್ನು ಕೊಂಡವರಲ್ಲಿ ಬಹುಪಾಲು ಜನ ಪಂದ್ಯಕ್ಕೆ ಹೋದವರಲ್ಲ. ಕಾಲೇಜಿಗೆ, ಕಡಲತೀರಕ್ಕೆ, ಹುಡುಗಿಯ ಮನೆ ಬೀದಿಗೆ ಹೋದವರು. 1968ರಲ್ಲಿ ಯಮಹಾ ಡಿಟಿ-1 ಬಂದ ಮೇಲಂತೂ ಚಿತ್ರ ಪೂರ್ತಿ ಬದಲಾಯಿತು. ಮಣ್ಣಿಗೆಂದೇ ಹುಟ್ಟಿದ, ಹಗುರ ಟೂ-ಸ್ಟ್ರೋಕ್ ಗಾಡಿ ಕೈಗೆಟುಕುವ ಬೆಲೆಗೆ ಸಿಕ್ಕಾಗ, ಭಾರದ ರಸ್ತೆ ಬೈಕಿಗೆ ಪೈಪ್ ಎತ್ತಿ ಕಟ್ಟಿದ ಸ್ಕ್ರ್ಯಾಂಬ್ಲರ್‌ಗೆ ಮಣ್ಣಿನಲ್ಲಿ ಕೆಲಸವೇ ಉಳಿಯಲಿಲ್ಲ.

ಆದ್ದರಿಂದ "ಇವತ್ತಿನ ಸ್ಕ್ರ್ಯಾಂಬ್ಲರ್‌ಗಳೆಲ್ಲ ಬರೀ ಶೋಕಿ, ಹಳೆಯವೇ ನಿಜ" ಎನ್ನುವ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಶೋರೂಮಿನಲ್ಲಿ ಮಾರಿದ ಸ್ಕ್ರ್ಯಾಂಬ್ಲರ್ ಮೊದಲಿನಿಂದಲೂ ಶೋಕಿಯೇ. ಮದುವೆ ದಿನ ಮೈಸೂರು ಪೇಟ ಕಟ್ಟಿಕೊಂಡವನನ್ನು ಯಾರೂ "ನೀನು ಯಾವ ಸಂಸ್ಥಾನದ ರಾಜ?" ಎಂದು ಕೇಳುವುದಿಲ್ಲವಲ್ಲ. ಪೇಟ ನೆಟ್ಟಗೆ ಕಟ್ಟಿದ್ದಾನಾ ಇಲ್ಲವಾ ಅಂತ ಮಾತ್ರ ನೋಡುತ್ತಾರೆ.

ಈಗ ಸೈಲೆನ್ಸರಿಗೆ ಬರೋಣ.

2006ರಲ್ಲಿ ಟ್ರಯಂಫ್ ತನ್ನ ಬಾನವಿಲ್ ಎಂಜಿನ್ ಇಟ್ಟು ಹೊಸ ಸ್ಕ್ರ್ಯಾಂಬ್ಲರ್ ತಂದಾಗ ಎರಡೂ ಪೈಪುಗಳನ್ನು ಬಲಪಕ್ಕದಲ್ಲಿ, ಸವಾರನ ತೊಡೆಯ ಹತ್ತಿರ ಎತ್ತಿ ಕಟ್ಟಿತ್ತು. ಈಗಿನ ಸ್ಕ್ರ್ಯಾಂಬ್ಲರ್ 1200 ಕೂಡ ಹಾಗೆಯೇ. ಫೋಟೊದಲ್ಲಿ ಅದಕ್ಕೆ ಸಾಟಿಯಿಲ್ಲ. ಓಡಿಸಿದವರನ್ನು ಕೇಳಿ, ಬಲಗಾಲಿನ ಕಥೆ ಹೇಳುತ್ತಾರೆ. ಪೈಪಿನ ಮೇಲೆ ಶಾಖ ತಡೆಯುವ ತಗಡಿನ ಕವಚ ಇದ್ದರೂ ಗಾಡಿ ನಿಂತಾಗ ಕಾವು ಸೀದಾ ತೊಡೆಗೆ, ಮೊಣಕಾಲಿನ ಒಳಬದಿಗೆ ಬಡಿಯುತ್ತದೆ. ಇಂಗ್ಲೆಂಡಿನ ಚಳಿಗೆ ಅದು ಹಿತವೇ ಇದ್ದೀತು. ಏಪ್ರಿಲ್ ಮಧ್ಯಾಹ್ನ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತವನಿಗೆ ಅಲ್ಲ. ಜತೆಗೆ ಪೈಪು ಅಡ್ಡ ಬರುವುದರಿಂದ ಬಲಗಾಲು ಸ್ವಲ್ಪ ಹೊರಚಾಚಬೇಕು, ಹಿಂದೆ ಕೂತವರು ಕಾಲಿಡುವಾಗ ಹುಷಾರಾಗಿರಬೇಕು, ಆ ಪಕ್ಕಕ್ಕೆ ಬ್ಯಾಗು ಕಟ್ಟುವುದು ಮರೆತೇಬಿಡಬೇಕು.

ಹಳೆಯ ಗಾಡಿಗಳಿಗೂ ಮೇಲೆಯೇ ಪೈಪಿತ್ತಲ್ಲ, ಆಗ ಸುಡುತ್ತಿರಲಿಲ್ಲವೇ? ಸುಡುತ್ತಿತ್ತು, ಆದರೆ ಇಷ್ಟಲ್ಲ. ಆಗಿನದು ಬರೀ ಟೊಳ್ಳು ಕೊಳವೆ. ಇವತ್ತಿನದು ಕೊಳವೆಯ ಜತೆಗೆ ಒಂದು ಪುಟ್ಟ ರಾಸಾಯನಿಕ ಕಾರ್ಖಾನೆ. ಹೊಗೆಯಲ್ಲಿನ ವಿಷಾನಿಲಗಳನ್ನು ಒಡೆಯುವ ಕ್ಯಾಟಲಿಟಿಕ್ ಕನ್ವರ್ಟರ್ ನೂರಾರು ಡಿಗ್ರಿ ಬಿಸಿಯಾದರೆ ಮಾತ್ರ ಕೆಲಸ ಮಾಡುತ್ತದೆ. ಬೇಗ ಬಿಸಿಯಾಗಲಿ ಎಂದು ಅದನ್ನು ಎಂಜಿನ್ ಹತ್ತಿರವೇ ಇಡುತ್ತಾರೆ. ಅದರ ಆಚೀಚೆ ಆಮ್ಲಜನಕ ಅಳೆಯುವ ಸೆನ್ಸರ್. ಮೇಲಿಂದ ಶಬ್ದದ ಮಿತಿ, ಅದಕ್ಕೆ ದೊಡ್ಡ ಡಬ್ಬಿ ಬೇಕು. ಭಾರತದಲ್ಲಿ 2020ರ ಏಪ್ರಿಲ್‌ನಿಂದ ಬಿಎಸ್6 ಹೊಗೆ ನಿಯಮ ಜಾರಿಯಾದ ಮೇಲೆ ಇವೆಲ್ಲ ಇನ್ನಷ್ಟು ಬಿಗಿಯಾದವು. ಇಷ್ಟೂ ಸರಂಜಾಮನ್ನು ಅಡಗಿಸಲು ಸುಲಭದ ಜಾಗ ಎಂಜಿನ್ನಿನ ಹೊಟ್ಟೆಯ ಕೆಳಗೆ. ಅಲ್ಲಿಗೆ ಇಳಿದ ಪೈಪನ್ನು ಮತ್ತೆ ತೊಡೆಯವರೆಗೆ ಹತ್ತಿಸುವುದು ತೂಕಕ್ಕೂ ದಂಡ, ದುಡ್ಡಿಗೂ ದಂಡ.

ಆದ್ದರಿಂದ ನಮ್ಮ ಮಾರುಕಟ್ಟೆಯಲ್ಲಿ ಮೂರು ಬಗೆಯ ರಾಜಿ ಕಾಣುತ್ತದೆ. ಬೇರ್ 650 ತನ್ನ ಮೂಲ ಬೈಕಾದ ಇಂಟರ್‌ಸೆಪ್ಟರ್‌ನ ಎರಡು ಸೈಲೆನ್ಸರ್ ಬಿಟ್ಟು, ಎರಡೂ ಪೈಪನ್ನು ಒಂದಾಗಿಸಿ ಬಲಕ್ಕೆ ಕೆಳಗೇ ಬಿಟ್ಟಿತು. ತೂಕ ಇಳಿಯಿತು, ಮುಖ ಮಾತ್ರ ಕೆಲವರಿಗೆ ಸಪ್ಪೆಯಾಯಿತು. ಚಾಕಣದ ಬಜಾಜ್ ಕಾರ್ಖಾನೆಯಲ್ಲಿ ತಯಾರಾಗುವ ಟ್ರಯಂಫ್ ಸ್ಕ್ರ್ಯಾಂಬ್ಲರ್ 400 ಎಕ್ಸ್‌ನಲ್ಲಿ ಪೈಪು ಕೆಳಗಿನಿಂದಲೇ ಬಂದು, ಕೊನೆಯಲ್ಲಿ ಎರಡು ಬಾಯಿ ತೆರೆದು ಮೇಲಕ್ಕೆ ಓರೆಯಾಗುತ್ತದೆ. ಬಂಡೆಗೆ ತಾಗಬೇಕಾದ ಭಾಗ ಅಲ್ಲೇ ಕೆಳಗಿದೆ, ಎತ್ತಿದ್ದು ಬಾಲ ಮಾತ್ರ. ಕಟ್ಟುನಿಟ್ಟಾಗಿ ನೋಡಿದರೆ ಇದು ಬೇರ್‌ಗಿಂತ ದೊಡ್ಡ ಸುಳ್ಳು. ಆದರೂ ಜನ ಒಪ್ಪಿದ್ದು ಇದನ್ನೇ! ಹತ್ತು ಅಡಿ ದೂರದಿಂದ ರೇಖೆ ಸರಿಯಾಗಿ ಮೇಲಕ್ಕೆ ಹೋದಂತೆ ಕಾಣುತ್ತದೆ, ಅಷ್ಟು ಸಾಕಾಯಿತು.

ಮೂರನೆಯದು ಯೆಜ್ಡಿ. ಇಲ್ಲಿ ಮೈಸೂರಿನವರಿಗೆ ಸ್ವಲ್ಪ ಹೆಚ್ಚು ಹಕ್ಕು. 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿದ, ಜಾವಾ, ಯೆಜ್ಡಿ ಬೈಕುಗಳನ್ನು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳು ಆ ಊರಿನ ಬೀದಿಬೀದಿಯಲ್ಲಿ ಓಡಿದವು, ಕೆಲವು ಇನ್ನೂ ಓಡುತ್ತಿವೆ. ಜಾವಾ, ಯೆಜ್ಡಿಯ ಗುರುತೇ ಒಂದು ಸಿಲಿಂಡರಿಗೆ ಎರಡು ಸೈಲೆನ್ಸರು, ಆಚೆಗೊಂದು ಈಚೆಗೊಂದು. ಹಳೆಯ 250 ಸಿಸಿ ಟೂ-ಸ್ಟ್ರೋಕ್‌ನಲ್ಲಿ ಸಿಲಿಂಡರಿನಿಂದಲೇ ಎರಡು ದಾರಿ ಹೊರಡುತ್ತಿದ್ದರಿಂದ ಅದು ಯಂತ್ರದ ಸತ್ಯ. 2022ರ ಜನವರಿಯಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಯೆಜ್ಡಿ ಹೆಸರನ್ನು ಮತ್ತೆ ತಂದಾಗ, ಸ್ಕ್ರ್ಯಾಂಬ್ಲರ್ ಮಾದರಿಗೆ ಎರಡು ಸೈಲೆನ್ಸರನ್ನು ಬಲಪಕ್ಕದಲ್ಲೇ ಒಂದರ ಮೇಲೊಂದು ಕೂರಿಸಿತು. ಇಷ್ಟಪಟ್ಟವರು "ಹಳೇ ಗುರುತೂ ಉಳೀತು, ಸ್ಕ್ರ್ಯಾಂಬ್ಲರ್ ಲುಕ್ಕೂ ಬಂತು" ಎಂದರು. ಹಳೆಯ ಯೆಜ್ಡಿ ರೋಡ್‌ಕಿಂಗ್ ಇಟ್ಟುಕೊಂಡವರು ಮೂಗು ಮುರಿದರು: ಹೊಸದು 334 ಸಿಸಿ, ಫೋರ್-ಸ್ಟ್ರೋಕ್, ಮುಂದೆ ರೇಡಿಯೇಟರ್ ಬೇರೆ. ನನಗೆ ಎರಡೂ ಮಾತು ಸರಿ ಅನ್ನಿಸುತ್ತದೆ. ಆದರೆ ಒಂದು ಬ್ರ್ಯಾಂಡಿನ ನೆನಪನ್ನು ಇನ್ನೊಂದು ಜಾತಿಯ ಬೈಕಿನ ರೂಪಕ್ಕೆ ಹೊಂದಿಸುವ ಪ್ರಯತ್ನ ಎಂದು ನೋಡಿದರೆ, ಆ ಅವಳಿ ನಳಿಕೆ ಜಾಣತನದ ಕೆಲಸವೇ.

ರೇಡಿಯೇಟರ್ ಎಂದೆನಲ್ಲ, ಎರಡನೇ ಜಗಳ ಅದರದ್ದು. ಸಿಲಿಂಡರಿನ ಸುತ್ತ ತೆಳು ತೆಳು ಪದರಗಳಂತೆ ಇರುವ ಫಿನ್‌ಗಳು ಇರುವುದು ಗಾಳಿಗೆ ಮೈ ತೋರಿಸಿ ತಣ್ಣಗಾಗಲು. ನೀರಿನಿಂದ ತಣ್ಣಗಾಗುವ ಎಂಜಿನ್ನಿಗೆ ಅವು ಬೇಕಿಲ್ಲ. ಆದರೂ ಟ್ರಯಂಫ್ 400ರ ಎಂಜಿನ್ ಮೇಲೆ ಫಿನ್‌ಗಳಿವೆ, ಬರೀ ಚೆಂದಕ್ಕೆ. ಈ ವಿದ್ಯೆಯಲ್ಲಿ ಟ್ರಯಂಫ್ ಪಳಗಿದ ಕೈ. ಆ 2006ರ ಸ್ಕ್ರ್ಯಾಂಬ್ಲರ್ ಮೊದಲು ಗಾಳಿಗೆ ಪೆಟ್ರೋಲು ಬೆರೆಸುವ ಹಳೇ ಪದ್ಧತಿಯ ಕಾರ್ಬುರೇಟರ್ ಇಟ್ಟುಕೊಂಡು ಬಂದಿತ್ತು. ಒಂದೆರಡು ವರ್ಷಗಳ ನಂತರ ಹೊಗೆ ನಿಯಮಗಳಿಗಾಗಿ ಫ್ಯೂಯಲ್ ಇಂಜೆಕ್ಷನ್ ಹಾಕಬೇಕಾಯಿತು. ಆಗ ಡಿಸೈನರ್‌ಗಳು ಇಂಜೆಕ್ಷನ್ನಿನ ಥ್ರಾಟಲ್ ಬಾಡಿಯನ್ನು, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಭಾಗವನ್ನು, ಕಾರ್ಬುರೇಟರ್ ಆಕಾರದ ಹೊದಿಕೆಯೊಳಗೆ ಬಚ್ಚಿಟ್ಟರು. ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿದರೂ ಹಳೆಯ ಕಾರ್ಬುರೇಟರೇ ಕಾಣುತ್ತದೆ, ಕೆಳಗೆ ಪೆಟ್ರೋಲ್ ನಿಲ್ಲುವ ಬಟ್ಟಲಿನ ಉಬ್ಬು ಸಮೇತ. ಒಳಗೆ ಕಂಪ್ಯೂಟರ್ ಹೇಳಿದಷ್ಟೇ ಪೆಟ್ರೋಲು ಚಿಮ್ಮುತ್ತಿರುತ್ತದೆ.

ಇದನ್ನು ಕೆಲವರು ಕಲೆ ಎನ್ನುತ್ತಾರೆ, ಕೆಲವರು ಮೋಸ ಎನ್ನುತ್ತಾರೆ. ಗಮನಿಸಿ ನೋಡಿದರೆ ಮೋಸ ಎನ್ನುವವರೂ ಇಷ್ಟು ಚೆನ್ನಾಗಿ ಮಾಡಿದ ವೇಷಕ್ಕೆ ಹೆಚ್ಚು ಕೋಪಿಸಿಕೊಳ್ಳುವುದಿಲ್ಲ. ಕೋಪ ಬರುವುದು ಅರೆಬರೆ ವೇಷಕ್ಕೆ: ಲೋಹದಂತೆ ಬಣ್ಣ ಬಳಿದ ಪ್ಲಾಸ್ಟಿಕ್, ಟ್ಯಾಂಕಿನ ಕೆಳಗೆ ಎದ್ದು ಕಾಣುವ ವೆಲ್ಡಿಂಗ್ ಅಂಚು, ಎಂಜಿನ್ ಸುತ್ತ ಹೆಣೆದುಕೊಂಡ ವೈರುಗಳು, ಗಾಡಿಯ ಮುಖಕ್ಕಿಂತ ದೊಡ್ಡದಾದ ಸ್ಟಿಕ್ಕರು. ಬೇರ್ 650ಗೂ, ಡುಕಾಟಿಯ 803 ಸಿಸಿ ಸ್ಕ್ರ್ಯಾಂಬ್ಲರ್‌ಗೂ ಈ ವಿಷಯದಲ್ಲಿ ಅನುಕೂಲವಿದೆ. ಅವುಗಳ ಎಂಜಿನ್ ಇಂದಿಗೂ ಗಾಳಿಯನ್ನೇ ನೆಚ್ಚಿಕೊಂಡಿದೆ, ಆ ಫಿನ್‌ಗಳಿಗೆ ನಿಜವಾಗಿಯೂ ಕೆಲಸವಿದೆ.

2014ರಲ್ಲಿ ಡುಕಾಟಿ ಈ ಹೆಸರನ್ನು ಮತ್ತೆ ಹೊರತೆಗೆದಾಗ ಗಾಡಿಗಿಂತ ಜಾಹೀರಾತಿನ ಬಗ್ಗೆಯೇ ಹೆಚ್ಚು ಕುಹಕ ಬಂತು. ಹಳದಿ ಬಣ್ಣ, ಗಡ್ಡದ ಹುಡುಗರು, ಸರ್ಫಿಂಗ್ ಹಲಗೆ. ಗಾಡಿಯೇನೋ ಚೆನ್ನಾಗಿ ಮಾರಾಟವಾಯಿತು. ಟ್ಯಾಂಕಿನ ಪಕ್ಕದ ಅಲ್ಯೂಮಿನಿಯಂ ಫಲಕ ಬಿಚ್ಚಿ ಬೇರೆ ಹಾಕಿಕೊಳ್ಳುವ ಅವರ ಉಪಾಯವನ್ನು ಆಮೇಲೆ ಬಂದವರು ಚೆನ್ನಾಗಿಯೇ ಗಮನಿಸಿದರು.

ಚಕ್ರದ ವಿಚಾರದಲ್ಲಿ ಕಣ್ಣಿಗೂ ಬುದ್ಧಿಗೂ ನೇರ ಕಿತ್ತಾಟ. ಸ್ಕ್ರ್ಯಾಂಬ್ಲರ್ ಅಂದಮೇಲೆ ಕಡ್ಡಿ ಚಕ್ರ ಬೇಕು, ಇದರಲ್ಲಿ ಎಲ್ಲರೂ ಒಂದೇ. ಆದರೆ ಸಾಮಾನ್ಯ ಕಡ್ಡಿ ಚಕ್ರದಲ್ಲಿ ಕಡ್ಡಿಗಳು ರಿಮ್ಮಿನ ನಡುವೆ ತೂತು ಕೊರೆದುಕೊಂಡು ಹೋಗುವುದರಿಂದ ಗಾಳಿ ನಿಲ್ಲುವುದಿಲ್ಲ, ಒಳಗೆ ಟ್ಯೂಬ್ ಬೇಕೇ ಬೇಕು. ಟ್ಯೂಬಿಗೆ ಮೊಳೆ ಹೊಕ್ಕರೆ ಗಾಳಿ ಒಮ್ಮೆಗೇ ಹೋಗುತ್ತದೆ, ಚಕ್ರ ಬಿಚ್ಚದೆ ಗತಿಯಿಲ್ಲ. ಟ್ಯೂಬ್‌ಲೆಸ್ ಆದರೆ ಹೊರಗಿನಿಂದಲೇ ಬತ್ತಿ ತುರುಕಿ ಹೊರಟುಬಿಡಬಹುದು. ಚಾರ್ಮಾಡಿ ಘಾಟಿಯಲ್ಲಿ ರಾತ್ರಿ ಮಳೆಗೆ ಸಿಕ್ಕವನಿಗೆ ಈ ವ್ಯತ್ಯಾಸ ವಿವರಿಸಬೇಕಾಗಿಲ್ಲ. ಕಡ್ಡಿಗಳನ್ನು ರಿಮ್ಮಿನ ಅಂಚಿಗೆ ಸಿಕ್ಕಿಸಿ, ನಡುಭಾಗವನ್ನು ತೂತಿಲ್ಲದೆ ಬಿಟ್ಟರೆ ಎರಡೂ ಸಿಗುತ್ತದೆ, ಆದರೆ ದುಬಾರಿ.

ಸವಾರರ ಅಭಿಪ್ರಾಯ ನೇರವಾಗಿ ಕಂಪನಿಗಳ ಮೇಜಿಗೆ ತಲುಪಿದ್ದು ಇಲ್ಲೇ. 400 ಎಕ್ಸ್ 2023ರಲ್ಲಿ ಕಡ್ಡಿಯಿಲ್ಲದೆ ಅಚ್ಚು ಹೊಯ್ದ ಅಲಾಯ್ ಚಕ್ರದೊಂದಿಗೆ ಬಂದಾಗ "ಎಲ್ಲ ಸರಿ, ಚಕ್ರ ಮಾತ್ರ ಸ್ಕ್ರ್ಯಾಂಬ್ಲರ್‌ದಲ್ಲ" ಎಂಬ ಮಾತು ಎಲ್ಲೆಡೆ ಕೇಳಿತು. 2025ರಲ್ಲಿ ಟ್ರಯಂಫ್ ಅದೇ ಗಾಡಿಗೆ ಅಂಚಿಗೆ ಕಡ್ಡಿ ಸಿಕ್ಕಿಸಿದ ಟ್ಯೂಬ್‌ಲೆಸ್ ಚಕ್ರ, ಎತ್ತರದ ಮುಂದಿನ ಮಡ್‌ಗಾರ್ಡ್, ಗಾಳಿ ತಡೆಯುವ ಪುಟ್ಟ ಗಾಜು ಸೇರಿಸಿ 400 ಎಕ್ಸ್‌ಸಿ ಎಂದು ಹೆಚ್ಚಿನ ಬೆಲೆಗೆ ತಂದಿತು. ರಾಯಲ್ ಎನ್‌ಫೀಲ್ಡ್ ಅದೇ ವರ್ಷದ ಸ್ಕ್ರ್ಯಾಮ್ 440ಯಲ್ಲಿ ತೀರ್ಮಾನವನ್ನು ಗಿರಾಕಿಯ ತಲೆಗೇ ಕಟ್ಟಿತು: ಟ್ರೇಲ್ ಕೊಂಡರೆ ಕಡ್ಡಿ ಮತ್ತು ಟ್ಯೂಬ್, ಫೋರ್ಸ್ ಕೊಂಡರೆ ಅಲಾಯ್ ಮತ್ತು ಟ್ಯೂಬ್‌ಲೆಸ್. ಬೇರ್ 650 ಮಾತ್ರ ಕಡ್ಡಿ ಚಕ್ರ, ಒಳಗೆ ಟ್ಯೂಬ್ ಹಿಡಿದುಕೊಂಡೇ ಬಂತು. ಆ ಬೆಲೆಯ ಗಾಡಿಗೆ ಇದು ಸಲ್ಲದು ಎನ್ನುವವರ ಪಕ್ಷ ನಾನು.

ಸ್ಕ್ರ್ಯಾಮ್‌ನದು ಬೇರೆಯೇ ಪ್ರಶ್ನೆ. 2022ರಲ್ಲಿ ಬಂದ ಸ್ಕ್ರ್ಯಾಮ್ 411 ಮೂಲದಲ್ಲಿ ಅದೇ ಕಂಪನಿಯ ಕಚ್ಚಾ ದಾರಿಯ ಬೈಕು ಹಿಮಾಲಯನ್. 21 ಇಂಚಿನ ಮುಂದಿನ ಚಕ್ರ 19 ಆಯಿತು, ಗಾಜು, ಲಗೇಜ್ ಸರಳುಗಳು ಹೋದವು, ಎರಡು ಭಾಗದ ಸೀಟು ಒಂದಾಯಿತು. ಉಳಿದಂತೆ ಅದೇ ಚೌಕಟ್ಟು, ಅದೇ ಎಂಜಿನ್. ಇದಕ್ಕೆ ರೆಟ್ರೋ ಎನ್ನಬೇಕೇ ಎನ್ನುವುದೇ ಚರ್ಚೆಯಾಯಿತು. ಸಾಮಾನ್ಯವಾಗಿ ರಸ್ತೆ ಬೈಕಿಗೆ ಮಣ್ಣಿನ ಬಟ್ಟೆ ತೊಡಿಸುತ್ತಾರೆ, ಇಲ್ಲಿ ಮಣ್ಣಿನ ಬೈಕಿಗೆ ಊರಿನ ಬಟ್ಟೆ. ನೋಡಲು ಸಾಧಾರಣ ಎಂದವರಿಗೂ ಕೆಟ್ಟ ರಸ್ತೆಯಲ್ಲಿ ಅದರ ಮೇಲೆ ಕೂತಾಗ ಬಾಯಿ ಕಟ್ಟಿತು. ಸೀಟಿನ ಎತ್ತರ 795 ಮಿಲಿಮೀಟರ್ ಆದ್ದರಿಂದ ಕುಳ್ಳಗಿನವರ ಕಾಲೂ ನೆಲಕ್ಕೆ ತಾಗುತ್ತದೆ. ಬೇರ್‌ನದು 830, 400 ಎಕ್ಸ್‌ನದು 835. ಎತ್ತರದ ನಿಲುವು ಲುಕ್ಕಿಗೆ ಚೆಂದ, ಇಳಿಜಾರು ಪಾರ್ಕಿಂಗ್‌ನಲ್ಲಿ ಗಾಡಿ ಹಿಂದಕ್ಕೆ ತಳ್ಳುವಾಗ ಅಲ್ಲ.

ಬಾಲದ ವಿಷಯ ಮಾತ್ರ ಭಾರತದ್ದೇ ಆದ ತಲೆನೋವು. ಸ್ಕ್ರ್ಯಾಂಬ್ಲರ್ ಹಿಂಬದಿ ಗಿಡ್ಡವಾಗಿ, ಚಕ್ರದ ಮೇಲೆ ಖಾಲಿ ಜಾಗ ಬಿಟ್ಟು ನಿಂತರೆ ಚೆಂದ. ಆದರೆ ನಮ್ಮ ಕೇಂದ್ರ ಮೋಟಾರು ವಾಹನ ನಿಯಮ 123ರ ಪ್ರಕಾರ ಹಿಂದೆ ಕೂತವರಿಗೆ ಹಿಡಿಕೆ, ಕಾಲಿಡಲು ಜಾಗ, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಮ್ಮಿಯಿಲ್ಲದಷ್ಟು ಮುಚ್ಚುವ ತಡೆ ಇರಲೇಬೇಕು. ನಾವು ಸೀರೆ ಗಾರ್ಡ್ ಎನ್ನುವುದು ಇದನ್ನೇ. ಅದರ ಮೇಲೆ ಉದ್ದನೆಯ ಮಡ್‌ಗಾರ್ಡ್, ಅಗಲದ ನಂಬರ್ ಪ್ಲೇಟು. ಚಕ್ರಕ್ಕೆ ಸೀರೆ ಸೆರಗು, ದುಪಟ್ಟಾ ಸಿಕ್ಕಿ ಆಗುವ ಅಪಘಾತ ಎಷ್ಟು ಭೀಕರ ಎಂದು ತಿಳಿದವರು ಈ ನಿಯಮವನ್ನು ನಗೆಯಾಡುವುದಿಲ್ಲ. ಆದರೆ ಡೆಲಿವರಿ ತೆಗೆದುಕೊಂಡ ವಾರದೊಳಗೆ ಸೀರೆ ಗಾರ್ಡ್ ಬಿಚ್ಚಿಸುವವರೂ ಇದ್ದಾರೆ. ಡಿಸೈನರ್‌ಗಳು ಇದನ್ನು ಕೊನೆಗೆ ತಗುಲಿಸುವ ತಗಡು ಎಂದುಕೊಳ್ಳದೆ ಮೊದಲ ಗೆರೆಯಿಂದಲೇ ಚಿತ್ರದೊಳಗೆ ಸೇರಿಸಿದ್ದರೆ, ಉದಾಹರಣೆಗೆ ನಂಬರ್ ಬೋರ್ಡಿನದೇ ಮುಂದುವರಿಕೆಯಾಗಿ ರೂಪಿಸಿದ್ದರೆ, ಬಿಚ್ಚುವ ಮನಸ್ಸು ಇಷ್ಟು ಜನಕ್ಕೆ ಬರುತ್ತಿರಲಿಲ್ಲ.

ಮೀಟರಿನ ವಿಷಯ ಚಿಕ್ಕದು. ಬೇರ್‌ನಲ್ಲಿ ಹೊಸ ಹಿಮಾಲಯನ್‌ನ ಗುಂಡನೆಯ ಬಣ್ಣದ ಪರದೆ ಇದೆ, ಮ್ಯಾಪ್ ಕಾಣುತ್ತದೆ. ಮುಳ್ಳು ಬೇಕು ಎನ್ನುವವರು ಬೇಸರಪಟ್ಟರು, ದಾರಿ ತಪ್ಪುವವರು ಖುಷಿಪಟ್ಟರು.

ನಂಬರ್ ಬೋರ್ಡಿನ ಬಗ್ಗೆ ಒಂದು ಮಾತು. ಬೇರ್‌ನ ಒಂದು ಬಣ್ಣದ ಹೆಸರೇ ಟೂ ಫೋರ್ ನೈನ್, ಪಕ್ಕದ ಬೋರ್ಡಿನಲ್ಲಿ 249 ಎಂದು ದಪ್ಪಕ್ಕೆ ಬರೆದಿದೆ. 1960ರಲ್ಲಿ ಕ್ಯಾಲಿಫೋರ್ನಿಯಾದ ಬಿಗ್ ಬೇರ್ ರನ್ ಪಂದ್ಯವನ್ನು 16 ವರ್ಷದ ಎಡ್ಡಿ ಮುಲ್ಡರ್ ರಾಯಲ್ ಎನ್‌ಫೀಲ್ಡ್ ಮೇಲೆ ಗೆದ್ದಾಗ ಅವನ ನಂಬರ್ ಅದು. ಕಥೆ ತಿಳಿದವರಿಗೆ ಆ ಬೋರ್ಡು ಹೆಮ್ಮೆ, ತಿಳಿಯದವರಿಗೆ "ಇದೇನು ಎರಡೆರಡು ನಂಬರ್ ಪ್ಲೇಟು?" ಸಿಗ್ನಲ್‌ನಲ್ಲಿ ನಿಂತಾಗ ಕೇಳುವ ಪ್ರಶ್ನೆ ಎರಡನೆಯದೇ.

ಫೋಟೊ ನೋಡಿ ತೀರ್ಪು ಕೊಡುವವರು ಒಂದನ್ನು ನೆನಪಿಡಬೇಕು. ಬಿಡುಗಡೆಯ ದಿನ ಬರುವ ಚಿತ್ರಗಳಲ್ಲಿ ಎಷ್ಟೋ ಸಲ ಹೊರದೇಶಕ್ಕೆ ಹೋಗುವ ಗಾಡಿ ಇರುತ್ತದೆ: ಸೀರೆ ಗಾರ್ಡ್ ಇಲ್ಲ, ಮುಂದೆ ನಂಬರ್ ಪ್ಲೇಟಿಲ್ಲ, ಕೆಲವೊಮ್ಮೆ ಕನ್ನಡಿ ಕೂಡ ಇಲ್ಲ, ಟೈರು ಬೇರೆ. ನಮ್ಮ ಶೋರೂಮಿಗೆ ಬರುವ ಗಾಡಿ ಅದಲ್ಲ. ಕೊಳ್ಳುವ ಯೋಚನೆಯಿದ್ದರೆ ಟೆಸ್ಟ್ ರೈಡ್ ಗಾಡಿಯನ್ನು ಹೊರಗೆ ಬಿಸಿಲಿಗೆ ತರಿಸಿ, ನಂಬರ್ ಪ್ಲೇಟ್ ಸಮೇತ ಹಿಂದಿನ ಬಲಮೂಲೆಯಿಂದ ನೋಡಿ. ಸೈಲೆನ್ಸರ್, ಬಾಲ, ಚಕ್ರ, ಎಂಜಿನ್ನಿನ ಪಕ್ಕ ಎಲ್ಲವೂ ಒಟ್ಟಿಗೆ ಕಾಣುವುದು ಅಲ್ಲಿಂದಲೇ. ಆಮೇಲೆ ಒಂದರ್ಧ ಗಂಟೆ ಟ್ರಾಫಿಕ್‌ನಲ್ಲಿ ಓಡಿಸಿ ಬನ್ನಿ, ಪೈಪು ಎಲ್ಲಿರಬೇಕಿತ್ತು ಎಂಬುದಕ್ಕೆ ಬಲಗಾಲು ತನ್ನ ಅಭಿಪ್ರಾಯ ಹೇಳಿರುತ್ತದೆ.